ನಿಮಗಿದು ಗೊತ್ತೇ? ಅಲೆಕ್ಸಾಂಡರ್ ಎಂದರೆ ‘ನರರಕ್ಷಕ’!

ಅಲೆಕ್ಸಾಂಡರ್ ಎಂದೊಡನೆ ಪುರೂರವನ ಎದುರು ಕುದುರೆಯೇರಿ ನಿಂತ ದಂಡನಾಯಕನೇ ಕಣ್ಣಮುಂದೆ ಬರುತ್ತಾನೆ. ಆದರೆ ಆ ಹೆಸರು ಅವನೊಬ್ಬನ ಸೊತ್ತಲ್ಲ.

● ಗ್ರೀಕಿನಲ್ಲಿ ‘ಅಲೆಕ್ಸೈನ್’ ಎಂದರೆ ಕಾಪಾಡು, ‘ಅನೇರ್’ ಎಂದರೆ ಗಂಡಸು. ಭಾಷಾವಿಜ್ಞಾನಿಗಳ ಪ್ರಕಾರ ಮೊದಲನೆಯದು ಸಂಸ್ಕೃತದ ‘ರಕ್ಷ್’ ಧಾತುವಿಗೂ ಎರಡನೆಯದು ‘ನರ’ ಪದಕ್ಕೂ ದಾಯಾದಿ. ಅಲ್ಲಿಗೆ ಅಲೆಕ್ಸಾಂಡರ್ ಎಂದರೆ ನರರಕ್ಷಕ!

● ಈ ಹೆಸರಿನ ಅತಿ ಹಳೆಯ ಗ್ರೀಕ್ ದಾಖಲೆ ಒಬ್ಬ ಹೆಂಗಸಿನದು. ಮೈಸಿನಿಯಲ್ಲಿ ಸಿಕ್ಕ ಕ್ರಿ.ಪೂ. 13ನೇ ಶತಮಾನದ ಜೇಡಿಮಣ್ಣಿನ ಫಲಕದಲ್ಲಿ ‘ಅ-ರೆ-ಕ-ಸ-ದ-ರ’ ಎಂದಿದೆ. ಆ ಲಿಪಿಯಲ್ಲಿ ರಕಾರ, ಲಕಾರಗಳಿಗೆ ಬೇರೆ ಬೇರೆ ಅಕ್ಷರಗಳಿರಲಿಲ್ಲ. ಹೀಗಾಗಿ ಅದನ್ನು ‘ಅಲೆಕ್ಸಾಂಡ್ರಾ’ ಎಂದು ಓದುತ್ತಾರೆ.

● ಹೆಲೆನ್‌ಳನ್ನು ಹೊತ್ತೊಯ್ದ ಟ್ರಾಯ್ ರಾಜಕುಮಾರ ಪ್ಯಾರಿಸ್‌ನ ಇನ್ನೊಂದು ಹೆಸರೂ ಅಲೆಕ್ಸಾಂಡ್ರೋಸ್. ಕುರುಬರ ನಡುವೆ ಬೆಳೆದ ಅವನು ತುರುಗಳ್ಳರನ್ನು ಹೊಡೆದೋಡಿಸಿ ಈ ಹೆಸರು ಗಳಿಸಿದನಂತೆ. ನಮ್ಮಲ್ಲಾಗಿದ್ದರೆ ವೀರಗಲ್ಲು ನೆಡುತ್ತಿದ್ದರು.

● ‘ಮಹಾನ್’ ಎನಿಸಿಕೊಂಡವನು ಮ್ಯಾಸಿಡೋನಿಯಾದ ಮೂರನೇ ಅಲೆಕ್ಸಾಂಡರ್. ಅವನ ಸೋದರಮಾವನೂ ಅಲೆಕ್ಸಾಂಡರ್, ಮಗನೂ ಅಲೆಕ್ಸಾಂಡರ್.

● ಅರಬ್ಬರು ಹೆಸರಿನ ಮೊದಲ ‘ಅಲ್’ ಅನ್ನು ತಮ್ಮ ಭಾಷೆಯ ‘ಅಲ್’ ಪ್ರತ್ಯಯವೆಂದೇ ತಿಳಿದು ಬೇರ್ಪಡಿಸಿದರು. ‘ಕ್ಸ’ ತಿರುವುಮುರುವಾಗಿ ‘ಸ್ಕ’ ಆಯಿತು. ಉಳಿದದ್ದು ಇಸ್ಕಂದರ್, ಮುಂದೆ ಸಿಕಂದರ್.

● ವಿಜಯಪುರದ ಕೊನೆಯ ಸುಲ್ತಾನನ ಹೆಸರು ಸಿಕಂದರ್ ಆದಿಲ್ ಶಾ. 1672ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಎಳೆಯ ಬಾಲಕ. 1686ರಲ್ಲಿ ಔರಂಗಜೇಬನಿಗೆ ಕೋಟೆ ಒಪ್ಪಿಸಬೇಕಾಯಿತು. ಜಗಜ್ಜೇತನ ಹೆಸರು, ಸೋತವನ ಪಾಲಿಗೆ!

● ಪಾಲಿಯ ‘ಮಿಲಿಂದಪಞ್ಹ’ದಲ್ಲಿ ರಾಜ ಮಿಲಿಂದ ತನ್ನ ಹುಟ್ಟೂರು ‘ಅಲಸಂದ’ದಲ್ಲಿದೆ ಎನ್ನುತ್ತಾನೆ. ಅದು ಅಲೆಕ್ಸಾಂಡ್ರಿಯಾದ ಪಾಲಿ ರೂಪ. ಓದುವಾಗ ಕನ್ನಡಿಗರಿಗೆ ಅಲಸಂದೆ ಕಾಳು ನೆನಪಾದರೆ ತಪ್ಪಿಲ್ಲ.

● ರಷ್ಯಾದಲ್ಲಿ ಇದರ ಮುದ್ದಿನ ರೂಪ ಸಾಶಾ. ಗಂಡಿಗೂ ಹೆಣ್ಣಿಗೂ ಅದೇ. ಹಂಗೇರಿಯಲ್ಲಿ ಶಾಂದೊರ್, ಸ್ಪೇನಿನಲ್ಲಿ ಅಲೆಹಾಂದ್ರೊ, ಸ್ಕಾಟ್ಲೆಂಡಿನಲ್ಲಿ ಅಲಿಸ್ಟರ್. ‘ಸಾಂಡ್ರಾ’ ಕೂಡ ಇಟಲಿಯ ಅಲೆಸ್ಸಾಂಡ್ರಾದ ಬಾಲ.

● ಬ್ರಿಟನ್ನಿನ ವಿಕ್ಟೋರಿಯಾ ರಾಣಿಗೆ ಇಟ್ಟ ಮೊದಲ ಹೆಸರು ಅಲೆಕ್ಸಾಂಡ್ರಿನಾ. ರಷ್ಯಾದ ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ಅವಳ ಧರ್ಮಪಿತ. ಅಂಟಾರ್ಕ್ಟಿಕಾದ ಅತಿದೊಡ್ಡ ದ್ವೀಪಕ್ಕೂ ಇದೇ ಚಕ್ರವರ್ತಿಯ ಹೆಸರಿದೆ.

● ‘ಅಲೆಕ್ಸಾಂಡ್ರೈಟ್’ ಹಗಲಿನಲ್ಲಿ ಹಸಿರಾಗಿ, ದೀಪದ ಬೆಳಕಿನಲ್ಲಿ ಕೆಂಪಾಗಿ ಕಾಣುವ ರತ್ನ. ಕಾರಣ ಅದರೊಳಗಿನ ಕ್ರೋಮಿಯಂ. 1830ರ ದಶಕದಲ್ಲಿ ಯುರಲ್ ಪರ್ವತಗಳಲ್ಲಿ ದೊರೆತ ಇದಕ್ಕೆ, ಮುಂದೆ ಎರಡನೇ ಅಲೆಕ್ಸಾಂಡರ್ ಎನಿಸಿದ ಯುವರಾಜನ ಹೆಸರಿಟ್ಟರು.

● ರೆಕ್ಕೆಯ ಮೇಲೆ ಕೆಂಪು ಪಟ್ಟಿಯಿರುವ ನಮ್ಮ ದೊಡ್ಡ ಗಿಳಿಗೆ ‘ಅಲೆಕ್ಸಾಂಡ್ರೈನ್’ ಎಂಬ ಹೆಸರು ಬಂದದ್ದು ಮಾತ್ರ ಮ್ಯಾಸಿಡೋನಿಯಾದ ದೊರೆಯಿಂದಲೇ.

● 1876ರಲ್ಲಿ ದೂರವಾಣಿಗೆ ಪೇಟೆಂಟ್ ಪಡೆದವರು ಅಲೆಕ್ಸಾಂಡರ್ ಗ್ರಹಾಂ ಬೆಲ್. 1861ರಲ್ಲಿ ಭಾರತದ ಪುರಾತತ್ವ ಸರ್ವೇಕ್ಷಣೆಯ ಹೊಣೆ ಹೊತ್ತವರು ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಂ. 1704ರಿಂದ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನಿರ್ಜನ ದ್ವೀಪದಲ್ಲಿ ಒಬ್ಬನೇ ಬದುಕಿ ‘ರಾಬಿನ್ಸನ್ ಕ್ರೂಸೋ’ ಕತೆಗೆ ಸ್ಫೂರ್ತಿಯಾದನೆಂದು ಹೇಳುವ ನಾವಿಕ ಅಲೆಕ್ಸಾಂಡರ್ ಸೆಲ್ಕರ್ಕ್.

● ಸಿಕಂದರಾಬಾದಿನಲ್ಲಿ ರೈಲು ಇಳಿದವರು ಗಮನಿಸಿ: ಆ ಊರಿಗೂ ಗ್ರೀಕ್ ದಂಡಯಾತ್ರೆಗೂ ಸಂಬಂಧವಿಲ್ಲ. ಅದು ಹೈದರಾಬಾದಿನ ನಿಜಾಮ ಸಿಕಂದರ್ ಜಾನ ಹೆಸರು.

● ಹೆಸರಿನ ಅರ್ಥಕ್ಕೆ ತಕ್ಕಂತೆ ಬಾಳಿದವರು ಯಾರು? ಮ್ಯಾಸಿಡೋನಿಯಾದ ದೊರೆ ಕ್ರಿ.ಪೂ. 335ರಲ್ಲಿ ಥೀಬ್ಸ್ ನಗರವನ್ನು ನೆಲಸಮ ಮಾಡಿ, ಬದುಕುಳಿದವರನ್ನು ಗುಲಾಮರನ್ನಾಗಿ ಮಾರಿಸಿದ. 1928ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ, ಬೂಷ್ಟು ಹಿಡಿದ ಗಾಜಿನ ತಟ್ಟೆಯೊಂದರಲ್ಲಿ ಪೆನಿಸಿಲಿನ್ ಕಂಡುಹಿಡಿದವರು ಅಲೆಕ್ಸಾಂಡರ್ ಫ್ಲೆಮಿಂಗ್. ನರರಕ್ಷಕ ಎಂಬ ಬಿರುದು ಯಾರಿಗೆ ಸಲ್ಲಬೇಕೋ ನೀವೇ ಹೇಳಿ.