ಬೆಳಿಗ್ಗೆ ಒಂಬತ್ತಾದರೆ ಅಲ್ಲಿ ಗಂಟೆ ಮೂರು

ಟಾಂಜಾನಿಯಾದ ಒಂದು ಹಳ್ಳಿ ಶಾಲೆಗೆ ನೀವು ಸ್ವಯಂಸೇವಕರಾಗಿ ಹೋಗಿದ್ದೀರಿ ಎಂದುಕೊಳ್ಳಿ. ‘ನಾಳೆ ಸಾ ತಾತುವಿಗೆ ಬನ್ನಿ’ ಎಂದು ಮುಖ್ಯೋಪಾಧ್ಯಾಯರು ಹೇಳುತ್ತಾರೆ. ಸ್ವಾಹಿಲಿ ಭಾಷೆಯಲ್ಲಿ ಸಾ ಎಂದರೆ ಗಂಟೆ, ತಾತು ಎಂದರೆ ಮೂರು. ಊಟ ಮುಗಿಸಿ ಮಧ್ಯಾಹ್ನ ಮೂರಕ್ಕೆ ನೀವು ಹೋದರೆ, ಅವರು ಬೆಳಿಗ್ಗೆ ಒಂಬತ್ತರಿಂದ ಕಾದು ಕುಳಿತಿರುತ್ತಾರೆ! ಅಲ್ಲಿ ಗಂಟೆ ಎಣಿಸುವುದು ನಡುರಾತ್ರಿಯಿಂದಲ್ಲ, ಬೆಳಗಾದ ಹೊತ್ತಿನಿಂದ. ಸಮಭಾಜಕ ವೃತ್ತ ಹತ್ತಿರವಿರುವುದರಿಂದ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಆರರ ಆಸುಪಾಸಿನಲ್ಲೇ ಹುಟ್ಟುತ್ತಾನೆ. ನಮ್ಮ ಏಳು ಗಂಟೆ ಅವರ ಒಂದು ಗಂಟೆ.

ನಿಘಂಟು ನಿಮಗೆ ಮೋಸ ಮಾಡಲಿಲ್ಲ. ಪದದ ಅರ್ಥ ಸರಿಯೇ ಇತ್ತು, ಅಲ್ಲಿನ ಬದುಕು ಮಾತ್ರ ಗೊತ್ತಿರಲಿಲ್ಲ.

ಸ್ವಾಹಿಲಿ ನಮಗೆ ತೀರಾ ಹೊರಗಿನ ಭಾಷೆಯೇನಲ್ಲ. ಕಿತಾಬು, ದುಕಾ, ದುನಿಯಾ, ವಕಾತಿ, ಹಬಾರಿ, ರಫೀಕಿ ಎಂಬ ಪದಗಳನ್ನು ಕೇಳಿದರೆ ಉರ್ದು ಮನೆಮಾತಿನವರಿಗೂ ಮದ್ರಸಾದಲ್ಲಿ ಅರಬಿ ಓದಿದವರಿಗೂ ಪರಿಚಿತರು ಸಿಕ್ಕಂತಾಗುತ್ತದೆ. ಶತಮಾನಗಳ ಕಾಲ ಹಿಂದೂ ಮಹಾಸಾಗರದಲ್ಲಿ ನಡೆದ ವ್ಯಾಪಾರ ಈ ಪದಗಳನ್ನು ಅಲ್ಲಿಗೆ ತಲುಪಿಸಿತು. ಆದರೆ ವ್ಯಾಕರಣ ಆಫ್ರಿಕಾದ ಬಾಂಟು ಭಾಷೆಗಳದ್ದು. ಅನೇಕ ಪುಸ್ತಕಗಳಿಗೆ ಅವರು ‘ವಿತಾಬು’ ಎನ್ನುತ್ತಾರೆ. ಪದದ ತಲೆಯೇ ಬದಲಾಯಿತು ನೋಡಿ! ‘ನನಗೆ ಗೊತ್ತು’ ಎನ್ನುವವರೇ ಇಲ್ಲಿ ಮೊದಲು ಎಡವುವುದು.

ಹಿರಿಯರು ಎದುರಾದರೆ ಕಿರಿಯರು ‘ಶಿಕಮೋ’ ಎನ್ನಬೇಕು. ನಿಮ್ಮ ಪಾದ ಹಿಡಿಯುತ್ತೇನೆ ಎಂಬುದು ಅದರ ಮೂಲ ಎಂದು ವಿವರಿಸುತ್ತಾರೆ. ಹಿರಿಯರು ‘ಮರಹಬಾ’ ಎಂದು ಉತ್ತರಿಸುತ್ತಾರೆ. ಮನೆಯವರ ಕ್ಷೇಮ ವಿಚಾರಿಸದೆ ನೇರವಾಗಿ ಕೆಲಸದ ಮಾತಿಗಿಳಿಯುವುದು ಒರಟುತನವೆನಿಸುತ್ತದೆ. ಅವಸರದ ಪಟ್ಟಣದವರಿಗೆ ಇದು ಕಷ್ಟ. ನಮ್ಮ ಅಜ್ಜಿಯಂದಿರಿಗೆ ಸುಲಭವಿದ್ದೀತು.

ಭಾಷೆ ಬಂದರೆ ಸಾಕೇ? ಅಮೆರಿಕ 1961ರಲ್ಲಿ ‘ಪೀಸ್ ಕೋರ್’ ಆರಂಭಿಸಿತು. ಘಾನಾಕ್ಕೆ ಬಂದಿಳಿದ ಮೊದಲ ತಂಡ ವಿಮಾನ ನಿಲ್ದಾಣದಲ್ಲೇ ಅಲ್ಲಿನ ಟ್ವಿ ಭಾಷೆಯಲ್ಲಿ ಹಾಡಿ ಜನರ ಮನ ಗೆದ್ದಿತು. ಅದೇ ವರ್ಷ ಅಕ್ಟೋಬರಿನಲ್ಲಿ ನೈಜೀರಿಯಾದ ಇಬಾದಾನ್‌ನಲ್ಲಿ ಆದದ್ದೇ ಬೇರೆ. ಒಬ್ಬ ಯುವತಿ ಊರಿನ ಕೊಳಕು, ಹಿಂದುಳಿದ ಸ್ಥಿತಿಯ ಬಗ್ಗೆ ಗೆಳೆಯನಿಗೆ ಪೋಸ್ಟ್‌ಕಾರ್ಡ್ ಬರೆದಳು. ಅದು ಕೈತಪ್ಪಿ ಅಲ್ಲಿನ ವಿದ್ಯಾರ್ಥಿಗಳಿಗೆ ಸಿಕ್ಕಿತು. ಪ್ರತಿಗಳು ಹಂಚಿಕೆಯಾದವು, ಪ್ರತಿಭಟನೆ ಎದ್ದಿತು. ಅವಳು ಕ್ಷಮೆ ಕೇಳಿ ತಾಯ್ನಾಡಿಗೆ ಮರಳಬೇಕಾಯಿತು. ಅವಳದು ದುರುದ್ದೇಶವೆಂದು ನನಗನಿಸುವುದಿಲ್ಲ. ಆದರೆ ತಮ್ಮ ಊರಿನ ಬಗ್ಗೆ ಅಂಥ ಮಾತು ಓದಿದವರ ಜಾಗದಲ್ಲಿ ನಿಂತು ನೋಡಿ. ಇಂದು ಮೊಬೈಲಿನ ಸ್ಟೇಟಸ್ಸಿಗೆ ಫೋಟೋ ಹಾಕುವ ನಮಗೆ ಆ ಕಾರ್ಡು ದೂರದ ಕತೆಯಲ್ಲ.

ಪೀಸ್ ಕೋರ್‌ನವರು ಕೆಲಸಕ್ಕೆ ಮೊದಲು ಸುಮಾರು ಮೂರು ತಿಂಗಳು ತರಬೇತಿ ಪಡೆಯುತ್ತಾರೆ. ಸಾಮಾನ್ಯವಾಗಿ ಸ್ಥಳೀಯ ಕುಟುಂಬದ ಜೊತೆಗೇ ವಾಸ. ಪಾಠಕ್ಕಿಂತ ಅಡುಗೆಮನೆಯಲ್ಲೇ ಮಾತು ಬೇಗ ಬರುತ್ತದೆ. 1960ರ ದಶಕದಲ್ಲಿ ಆಗಿನ ಮೈಸೂರು ರಾಜ್ಯಕ್ಕೆ ಬಂದವರೂ ಕನ್ನಡ ಕಲಿತರು.

ವಿಶ್ವಸಂಸ್ಥೆಯ ಸ್ವಯಂಸೇವಕರಾಗಲು ಕನಿಷ್ಠ 18 ವರ್ಷವಾಗಿರಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಸಮಯವಿದೆ. ಅಲ್ಲಿಯವರೆಗೆ ಹಾಸ್ಟೆಲಿನ ಪಕ್ಕದ ಕೋಣೆ ಇದೆಯಲ್ಲ? ಬೇರೆ ಜಿಲ್ಲೆಯಿಂದ ಬಂದ ಗೆಳೆಯನ ಕನ್ನಡವನ್ನು ಅಣಕಿಸುವ ಬದಲು, ‘ಇದಕ್ಕೆ ನಿಮ್ಮೂರಲ್ಲಿ ಏನಂತಾರೆ?’ ಎಂದು ಕೇಳಿ. ಇದೇ ಪ್ರಶ್ನೆ ಟಾಂಜಾನಿಯಾದಲ್ಲೂ ಮೊದಲ ದಿನ ಬೇಕಾಗುತ್ತದೆ. ‘ಹೀ ನಿ ನಿನಿ?’ ಅಂದರೆ, ಇದೇನು?