ಗೋಡೆಯೊಳಗಿನ ಬಿಸಿಗಾಳಿ ಕೊಳವೆ

ಲಿಂಗಸುಗೂರಿನಲ್ಲಿ ಬಟ್ಟೆ ಒಣಗಿಸುವುದು ಒಂದು ಕೆಲಸವೇ ಅಲ್ಲ. ಏಪ್ರಿಲ್ ತಿಂಗಳಲ್ಲಿ ಮಾಳಿಗೆಯ ಮೇಲೆ ಧೋತರ ಹರವಿ ಕೆಳಗಿಳಿದು ಚಹಾ ಕುಡಿಯುವಷ್ಟರಲ್ಲಿ ಅದು ಹಪ್ಪಳವಾಗಿರುತ್ತದೆ. ಹೀಗಾಗಿ ಬಟ್ಟೆ ಒಣಗಿಸಲೆಂದೇ ಒಂದು ಮಷೀನು, ಅದಕ್ಕೊಂದು ಕೊಳವೆ, ಆ ಕೊಳವೆಗೆ ನೂರೆಂಟು ನಿಯಮ, ಇವೆಲ್ಲ ನನಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ, ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋದಾಗ.

ಅದು ಫೆಬ್ರವರಿ. ಹೊರಗೆ ಹಿಮ. ಅಲ್ಲಿ ಹಲವು ಬಡಾವಣೆಗಳಲ್ಲಿ ಬೇಸಿಗೆಯಲ್ಲೂ ಹೊರಗೆ ತಂತಿ ಕಟ್ಟಲು ಸಂಘದವರು ಬಿಡುವುದಿಲ್ಲ. ಎಲ್ಲದಕ್ಕೂ ಮಷೀನೇ ಗತಿ. ಒಂದು ಸಂಜೆ ಹನ್ನೊಂದು ವರ್ಷದ ಮೊಮ್ಮಗ ಓಡಿ ಬಂದ.

“ಮುತ್ಯಾ, ಎರಡು ಸಲ ತಿರುಗಿಸಿದ್ರೂ ಟವೆಲ್ ಹಸೀನೇ ಅದ. ಮಷೀನ್ ಮ್ಯಾಲ ಕೈ ಇಡಾಕ ಆಗವಲ್ದು, ಅಷ್ಟು ಸುಡ್ತದ.”

ಹೋಗಿ ನೋಡಿದೆ. ಬಟ್ಟೆ ಒಣಗಿಲ್ಲ, ಮಷೀನು ಕಾದಿದೆ, ಸಣ್ಣಗೆ ಕಮಟು ವಾಸನೆ. ಲೆಕ್ಕ ತಾಳೆಯಾಗದಿದ್ದರೆ ನಾವು ಬ್ಯಾಂಕಿನವರು ಮನೆಗೆ ಹೋಗುತ್ತಿರಲಿಲ್ಲ. ಮಷೀನು ನಿಲ್ಲಿಸಿ, ಪ್ಲಗ್ ಕಿತ್ತು, ಅಳಿಯ ಬಂದ ಮೇಲೆ ಅದನ್ನು ಮುಂದಕ್ಕೆ ಎಳೆಸಿದೆ.

ಮಕ್ಕಳೇ, ಈ ಮಷೀನಿನ ಕೆಲಸ ಸರಳ. ಗಾಳಿಯನ್ನು ಕಾಯಿಸಿ, ತಿರುಗುವ ಬಟ್ಟೆಯ ಮೇಲೆ ಹಾಯಿಸಿ, ನೀರಿನ ಹಬೆಯ ಸಮೇತ ಹೊರಗೆ ದೂಡುತ್ತದೆ. ಎಷ್ಟು ನೀರು ಎಂದು ಮೊಮ್ಮಗನಿಗೆ ಕುತೂಹಲ. ಮರುವಾರ ಒಗೆದ ಬಟ್ಟೆಯನ್ನು ತೂಗಿದ: ಆರೂವರೆ ಕಿಲೋ. ಒಣಗಿದ ಮೇಲೆ ನಾಲ್ಕು ಕಿಲೋ. ಅಂದರೆ ಎರಡೂವರೆ ಲೀಟರ್ ನೀರು ಗಾಳಿಯಲ್ಲಿ ಹೋಯಿತು. ಕೊಳವೆಯ ಬಾಯಿ ಮನೆಯೊಳಗೋ ಅಟ್ಟದಲ್ಲೋ ಇದ್ದರೆ ಅಷ್ಟೂ ನೀರನ್ನು ಗೋಡೆ ಕುಡಿದು ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕೊಳವೆ ಕಟ್ಟಡದ ಹೊರಗೇ ತೆರೆಯಬೇಕು, ಕಿಟಕಿ ಬಾಗಿಲಿನಿಂದ ಕನಿಷ್ಠ ಮೂರಡಿ ದೂರದಲ್ಲಿ. ಬಚ್ಚಲಿನದೋ ಅಡುಗೆಮನೆಯದೋ ಕೊಳವೆಗೆ ಅದನ್ನು ಜೋಡಿಸುವಂತಿಲ್ಲ.

ನೀರಿಗಿಂತ ಅಪಾಯದ್ದು ಬಟ್ಟೆಯಿಂದ ಉದುರುವ ನೂಲಿನ ನವಿರು ಧೂಳು. ನಮ್ಮ ರಾಯಚೂರು ಜಿಲ್ಲೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತಿ ಜಿನ್ನಿನ ಅಂಗಳದಲ್ಲಿ ಯಾರೂ ಬೀಡಿ ಹಚ್ಚುವುದಿಲ್ಲ. ಈ ಧೂಳೂ ಅರಳೆಯೇ. ಮಷೀನಿನೊಳಗೆ ಒಂದು ಜಾಲರಿ ಇದೆ, ಅದು ಮುಕ್ಕಾಲು ಧೂಳು ಹಿಡಿಯುತ್ತದೆ ಎಂದುಕೊಳ್ಳಿ. ಉಳಿದದ್ದು ಕೊಳವೆಯಲ್ಲಿ ಕೂರುತ್ತದೆ. ದಾರಿ ಕಟ್ಟಿದರೆ ಬಿಸಿಗಾಳಿ ಹಿಂದಕ್ಕೆ ಒತ್ತುತ್ತದೆ, ಮಷೀನು ಮಿತಿ ಮೀರಿ ಕಾಯುತ್ತದೆ, ಅರಳೆಗೆ ಕಿಡಿ ತಾಗುತ್ತದೆ. ಬಟ್ಟೆ ಒಣಗಿಸುವ ಮಷೀನಿನಿಂದ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತ ಆಗುತ್ತವೆಂದು ಅಮೆರಿಕದ ಅಗ್ನಿಶಾಮಕ ಆಡಳಿತ ಅಂದಾಜಿಸಿದೆ. ಮುಖ್ಯ ಕಾರಣ, ಸ್ವಚ್ಛ ಮಾಡದಿರುವುದು.

ಮಗಳ ಮನೆಯ ಮಷೀನಿನ ಹಿಂದೆ ನಾವು ಕಂಡದ್ದು ತೆಳು ಹಾಳೆಯ ಮಡಿಕೆ ಕೊಳವೆ. ಹಿಂದೆ ಯಾರೋ ಕೂರಿಸಿ ಹೋದದ್ದು, ಗೋಡೆಗೂ ಮಷೀನಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು. ಬಿಚ್ಚಿದಾಗ ಬೂದು ಬಣ್ಣದ ಅರಳೆ ಒಂದು ಬಕೆಟ್ ಬಂತು. ಮಗಳು ಮಾತಾಡಲಿಲ್ಲ. ಆ ಗೋಡೆಯ ಆಚೆ ಮಗುವಿನ ಮಂಚ.

ಮರುದಿನ ಬಂದ ಕೆಲಸಗಾರ ತಾಳ್ಮೆಯ ಮನುಷ್ಯ, ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ. ಕೊಳವೆ ಒಳಮೈ ನುಣುಪಾದ ತಗಡಿನದಾಗಿರಬೇಕು, ನಾಲ್ಕು ಇಂಚು ಅಗಲ. ಪ್ಲಾಸ್ಟಿಕ್ ಬೇಡವೇ ಬೇಡ. ಬೆಸುಗೆಯ ಬಳಿ ಒಳಗೆ ಚಾಚುವ ಉದ್ದ ಸ್ಕ್ರೂ ಹಾಕಿದರೆ ಅರಳೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಲೋಹದ ಟೇಪು. ಮಡಿಕೆ ಕೊಳವೆ ಮಷೀನಿನ ಬೆನ್ನಿಗೆ ಮಾತ್ರ, ಗೋಡೆಯೊಳಗೆ ಹುದುಗಿಸುವಂತಿಲ್ಲ. ಹೊರಬಾಯಿಗೆ ತಾನೇ ತೆರೆದು ಮುಚ್ಚುವ ಮುಚ್ಚಳ ಇರಲಿ, ಜಾಲರಿ ಬೇಡ. ಹಕ್ಕಿ ಬರಬಾರದೆಂದು ಜಾಲರಿ ಹಾಕುವವರಿದ್ದಾರೆ, ಎರಡೇ ತಿಂಗಳಲ್ಲಿ ಅದೂ ಕಟ್ಟುತ್ತದೆ.

ನನಗೆ ಹಿಡಿಸಿದ್ದು ಉದ್ದದ ಲೆಕ್ಕ. ಅಲ್ಲಿನ ಕಟ್ಟಡ ಸಂಹಿತೆಯ ಪ್ರಕಾರ ಸಾಮಾನ್ಯವಾಗಿ ಕೊಳವೆಯ ಉದ್ದ 35 ಅಡಿ ಮೀರಬಾರದು. ಪ್ರತಿ ಕಾಟಕೋನದ ತಿರುವಿಗೂ ಐದು ಅಡಿ ಕಳೆಯಬೇಕು, ಏಕೆಂದರೆ ತಿರುವಿನಲ್ಲಿ ಗಾಳಿ ಸೊರಗುತ್ತದೆ. ಮೊಮ್ಮಗನ ಕೈಗೆ ಟೇಪು ಕೊಟ್ಟೆವು. ಉದ್ದ 22 ಅಡಿ, ತಿರುವು ಮೂರು. “35ರಲ್ಲಿ 15 ಕಳದ್ರ 20. ಮುತ್ಯಾ, ಎರಡು ಅಡಿ ಜಾಸ್ತಿ ಆತು!” ಮಷೀನನ್ನು ಪಕ್ಕದ ಗೋಡೆಗೆ ಸರಿಸಿದರು. ಒಂದು ತಿರುವು ತಪ್ಪಿತು, ಮಿತಿ 25ಕ್ಕೇರಿತು, ಕೊಳವೆಯೂ ಒಂದಡಿ ಕಡಿಮೆಯಾಯಿತು. ಅಂದಿನಿಂದ ಟವೆಲ್ ಒಂದೇ ಸಲಕ್ಕೆ ಒಣಗುತ್ತಿದೆ. ಪ್ರತಿ ಸಲ ಜಾಲರಿ ಕೆರೆದು ತೆಗೆಯುವುದು ಮೊಮ್ಮಗನ ಪಾಲಿನ ಕೆಲಸ, ವರ್ಷಕ್ಕೊಮ್ಮೆ ಕೊಳವೆ ಬಿಚ್ಚಿಸುವುದು ಅಳಿಯನದು. ಮನೆ ಬಿಟ್ಟು ಹೋಗುವಾಗ, ಮಲಗುವಾಗ ಮಷೀನು ಹಚ್ಚುವುದಿಲ್ಲ. ಅಜ್ಜಿಯರಿಗೆ ಒಂದು ಮಾತು: ಎಣ್ಣೆ ಒರೆಸಿದ ಬಟ್ಟೆಯನ್ನು ಒಗೆದಿದ್ದರೂ ಅದರೊಳಗೆ ಹಾಕಬೇಡಿ. ಉಳಿದ ಎಣ್ಣೆ ಕಾದು ತಾನಾಗಿಯೇ ಹೊತ್ತಿಕೊಳ್ಳಬಹುದು.

ಊರಿಗೆ ಮರಳಿದ ಮೇಲೆ ಬಚ್ಚಲಿಗೆ ಹೋದವನು ಅಲ್ಲೇ ನಿಂತುಬಿಟ್ಟೆ. ನಮ್ಮಲ್ಲಿ ಬಟ್ಟೆಯ ಮಷೀನು ಇಲ್ಲ, ಸರಿ. ಆದರೆ ಐದಡಿ ಆರಡಿಯ ಬಚ್ಚಲಲ್ಲಿ ತಲೆಯ ಮೇಲೆಯೇ ಗ್ಯಾಸ್ ಗೀಸರ್ ಇದೆ. ಅದರ ಉರಿಗೂ ಗಾಳಿ ಬೇಕು, ಸುಟ್ಟ ಗಾಳಿ ಹೊರಗೆ ಹೋಗಬೇಕು. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಆಮ್ಲಜನಕ ತಗ್ಗಿದರೆ ಇಂಗಾಲದ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿಯನ್ನು ಬೆಂಗಳೂರಿನಿಂದಲೂ ಮೈಸೂರು ಕಡೆಯಿಂದಲೂ ನಾವು ಪತ್ರಿಕೆಯಲ್ಲಿ ಓದಿದ್ದೇವೆ.

ನಮ್ಮ ಬಚ್ಚಲಿಗೆ ಒಂದು ಗವಾಕ್ಷಿ ಇದೆ. ಚಳಿಗೆಂದು ಅದಕ್ಕೆ ಹಳೆಯ ಪೇಪರ್ ತುರುಕಿದವನು ನಾನೇ.

“ಇಷ್ಟು ವರ್ಷ ಏನೂ ಆಗಿಲ್ಲಲ್ಲರೀ” ಎಂದಳು ಹೆಂಡತಿ. ಮಗಳ ಮನೆಯ ಬಕೆಟ್ಟಿನ ಕಥೆ ಹೇಳಿದೆ. ಮರುದಿನವೇ ಪ್ಲಂಬರ್ ಬಂದು ಗೀಸರನ್ನು ಹೊರಗಿನ ಗೋಡೆಗೆ ಕೂರಿಸಿದ. ಈಗ ಒಳಗೆ ಬರುವುದು ಬಿಸಿನೀರಿನ ನಲ್ಲಿ ಮಾತ್ರ. ಗವಾಕ್ಷಿಯ ಪೇಪರನ್ನು ಆಕೆಯೇ ಕಿತ್ತು ತೆಗೆದಳು, ತಾರೀಖು ನೋಡಿದರೆ ನಾಲ್ಕು ವರ್ಷದ ಹಿಂದಿನದು.