ಮಳೆನಾಡಿನ ಕೋವಿ ನಳಿಗೆ

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ರೈಲುದಾರಿಯಲ್ಲಿ 57 ಸುರಂಗಗಳಿವೆ. ಆ ದಾರಿಯಲ್ಲಿ ಸುತ್ತ ಕಾಡನ್ನೇ ಹೊದ್ದು ಕೂತ ನಿಲ್ದಾಣ ಎಡಕುಮೇರಿ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜರಿದು ದಿನಗಟ್ಟಲೆ ರೈಲು ನಿಂತದ್ದು ನೆನಪಿರಬಹುದು. ಗುಡ್ಡವನ್ನೇ ಕರಗಿಸುವ ಮಳೆ ಗೋಡೆಗೆ ತೂಗುಹಾಕಿದ ಕೋವಿಯನ್ನು ಬಿಟ್ಟೀತೆ? ಜೂನ್ ಹಿಡಿಯಿತೆಂದರೆ ಈ ಸೀಮೆಯಲ್ಲಿ ಚಪ್ಪಲಿಗೆ ಬೂಷ್ಟು, ಕಪಾಟಿನ ಬಟ್ಟೆಗೆ ಮುಗ್ಗಲು ವಾಸನೆ, ಕೋವಿ ನಳಿಗೆಗೆ ತುಕ್ಕು.

ಕಾಫಿಯ ಜೊತೆಗೇ ಕೋವಿಯೂ ಈ ಬೆಟ್ಟಗಳಲ್ಲಿ ಬೇರೂರಿತು. 1850ರ ದಶಕದಲ್ಲಿ ಇದೇ ಸೀಮೆಯ ಮಂಜರಾಬಾದಿಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಚಿನ್ನ, ಶಿಕಾರಿ, ಕಾಫಿ ಮೂರೂ ಇವೆ. ಆ ಶಿಕಾರಿಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿಯಿತು. ಇಂದು ಸಕಲೇಶಪುರ, ಆಲೂರಿನ ಬೆಳೆಗಾರರ ಕೈಯಲ್ಲಿರುವುದು ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ. ಗದ್ದೆಗೆ ನುಗ್ಗುವ ಹಂದಿಯನ್ನು ಹೊಡೆಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು; ಆನೆ ಬಂದರೆ ದೂರದಿಂದ ಸದ್ದು ಮಾಡಬಹುದು, ಅಷ್ಟೇ. ಹೀಗಾಗಿ ವರ್ಷಕ್ಕೆ ನಾಲ್ಕು ಈಡು ಹೊಡೆದರೆ ಹೆಚ್ಚು. ಇಲ್ಲಿನ ನಳಿಗೆಗಳು ಹೊಡೆದು ಸವೆಯುವುದಿಲ್ಲ, ಸುಮ್ಮನಿದ್ದು ಹಾಳಾಗುತ್ತವೆ.

ಹಾಳಾದರೆ ಬೇರೆ ತರಿಸೋಣ ಎನ್ನುವಂತೆಯೂ ಇಲ್ಲ. 1980ರ ದಶಕದಿಂದ ಖಾಸಗಿ ಬಳಕೆಗೆ ವಿದೇಶಿ ಕೋವಿಗಳ ಆಮದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಅಜ್ಜನ ಕಾಲದ ಬರ್ಮಿಂಗ್‌ಹ್ಯಾಮಿನ ಜೋಡುನಳಿಗೆ ಹೋಯಿತೆಂದರೆ ಹೋಯಿತು.

ಅತಿ ಹೆಚ್ಚು ಆರೈಕೆ ಬೇಡುವುದು ಕೇಪಿನ ಕೋವಿ. ಬಾಯಿಂದ ಮಸಿ ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವ ಕೋವಿ ಇದು. ಕರಿಮಸಿಯಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಸುಟ್ಟ ಮೇಲೆ ನಳಿಗೆಯೊಳಗೆ ಅಂಟಿಕೊಳ್ಳುವ ಕರಿಯಲ್ಲಿ ಪೊಟ್ಯಾಸಿಯಂ ಲವಣಗಳಿರುತ್ತವೆ. ಇವು ಗಾಳಿಯ ತೇವವನ್ನು ಎಳೆದು ಹಿಡಿಯುತ್ತವೆ. ಘಟ್ಟದ ಗಾಳಿಯಲ್ಲಿ ತೇವಕ್ಕೇನು ಬರ? ಸಂಜೆ ಈಡು ಹೊಡೆದು ಹಾಗೇ ಇಟ್ಟ ನಳಿಗೆ ಬೆಳಗಾಗುವಷ್ಟರಲ್ಲಿ ಕೆಂಪಾಗಿರುತ್ತದೆ. ಹಲವರು ಇದರ ಮೇಲೆ ನೇರವಾಗಿ ಎಣ್ಣೆ ಸುರಿಯುತ್ತಾರೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಉಪ್ಪನ್ನು ಒಳಗಿಟ್ಟು ಮೇಲೆ ಮುಚ್ಚಳ ಹಾಕಿದಂತಾಗುತ್ತದೆ. ಮೊದಲು ಬಿಸಿನೀರು ಬೇಕು. ನಳಿಗೆಯನ್ನು ಮರದಿಂದ ಬಿಡಿಸಿ, ಕೈ ಮುಟ್ಟಲಾಗದಷ್ಟು ಬಿಸಿಯಾದ ನೀರು ಹೊಯ್ದು ತೊಳೆದರೆ ಉಪ್ಪು ಹೋಗುತ್ತದೆ, ಕಾದ ಉಕ್ಕು ತಾನೇ ಬೇಗ ಒಣಗುತ್ತದೆ. ಗಜಕ್ಕೆ ಹತ್ತಿ ಬಟ್ಟೆ ಸುತ್ತಿ, ಬಟ್ಟೆ ಬಿಳಿಯಾಗಿ ಹೊರಬರುವ ತನಕ ಒರೆಸಬೇಕು. ಎಣ್ಣೆಯ ಸರದಿ ಆಮೇಲೆ, ಅದೂ ತೆಳ್ಳಗೆ. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಹಚ್ಚಿದರೆ ಕೆಲವು ತಿಂಗಳಲ್ಲಿ ಕಮಟಿ ಅಂಟಾಗುತ್ತದೆ. ಕೋವಿ ಎಣ್ಣೆ ಸಿಗದಿದ್ದರೆ ಹೊಲಿಗೆ ಮಷೀನಿನ ಎಣ್ಣೆಯೇ ವಾಸಿ.

ತೋಟಾ ಕೋವಿಯ ಆರೈಕೆ ಇಷ್ಟು ಕಷ್ಟದ್ದಲ್ಲ, ಆದರೆ ಪರೀಕ್ಷೆ ಸೂಕ್ಷ್ಮ. ಕೋವಿ ಮುರಿದು, ತೋಟಾ ಇಲ್ಲವೆಂದು ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಂಡು, ನಳಿಗೆಯನ್ನು ಪೂರ್ತಿ ಕಳಚಬೇಕು. ಕಳಚಿದ ನಳಿಗೆಯನ್ನು ಬುಡದ ಕಡೆಯಿಂದ ಆಕಾಶಕ್ಕೆ ಹಿಡಿದು ನೋಡಿದರೆ ಒಳಗೋಡೆಯ ಮೇಲೆ ಬೆಳಕಿನ ಬಳೆಗಳು ಕಾಣುತ್ತವೆ. ಬಳೆಗಳು ದುಂಡಗೆ, ಒಂದರೊಳಗೊಂದು ಕೂತಿದ್ದರೆ ನಳಿಗೆ ನೆಟ್ಟಗಿದೆ. ಒಂದು ಕಡೆ ಸೊಟ್ಟಗಾಗಿದ್ದರೆ ಅಲ್ಲಿ ಹೊರಗಿನಿಂದ ನಗ್ಗಿರಬಹುದು. ನಡುವೆ ಕಪ್ಪು ಉಂಗುರವಿದ್ದರೆ ನಳಿಗೆ ಉಬ್ಬಿದೆ ಎಂದೇ ತಿಳಿಯಬೇಕು. ಸಿಡುಬಿನ ಕಲೆಯಂಥ ಗುಳಿಗಳು ತುಕ್ಕು ಉಕ್ಕನ್ನು ತಿಂದ ಗುರುತು. ಗೋಡೆ ತೆಳುವಾದ ಕಡೆ ಗುಳಿ ಬಿದ್ದರೆ ಹೆಚ್ಚು ಅಪಾಯ. 12 ಬೋರಿನ ನಳಿಗೆಯ ಒಳ ಅಗಲ ಸುಮಾರು 18.5 ಮಿಲಿಮೀಟರ್. ಚೋಕ್ ಇರುವ ನಳಿಗೆ ಬಾಯಲ್ಲಿ ಹೆಚ್ಚೆಂದರೆ ಒಂದು ಮಿಲಿಮೀಟರ್ ಕಿರಿದಾಗುತ್ತದೆ. ಅದನ್ನು ದೋಷವೆಂದು ಭಾವಿಸಿ ಉಜ್ಜಿಸಲು ಹೊರಟವರೂ ಇದ್ದಾರೆ!

ಜೋಡುನಳಿಗೆಗೆ ಇನ್ನೊಂದು ಪರೀಕ್ಷೆಯಿದೆ. ಎರಡು ಕೊಳವೆ ಮತ್ತು ಅವುಗಳ ನಡುವಿನ ಪಟ್ಟಿಯನ್ನು ಬೆಸುಗೆ ಹಾಕಿ ಕೂಡಿಸಿರುತ್ತಾರೆ. ಕಳಚಿದ ನಳಿಗೆಯನ್ನು ಕೆಳಗಿನ ಕೊಂಡಿಯಲ್ಲಿ ದಾರ ಕಟ್ಟಿ ತೂಗುಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ. ನಾದ ಹೊರಟು ಒಂದಷ್ಟು ಹೊತ್ತು ನಿಂತರೆ ಬೆಸುಗೆ ಗಟ್ಟಿ. ಗೊರಗೊರ ಎಂದರೆ ಪಟ್ಟಿ ಎಲ್ಲೋ ಬಿಟ್ಟಿದೆ, ಸಂದಿಗೆ ನೀರಿಳಿದು ಕಣ್ಣಿಗೆ ಕಾಣದ ಕಡೆ ತುಕ್ಕು ಹಿಡಿದಿದೆ. ಹಳೆಯ ಜೋಡುನಳಿಗೆಗೆ ಹೊಸ ಕಪ್ಪು ಬಣ್ಣ ಏರಿಸುತ್ತೇವೆಂದು ಕುದಿಯುವ ಕ್ಷಾರದಲ್ಲಿ ಅದ್ದುವವರಿಗೆ ಕೊಡಬೇಡಿ. ಆ ಕ್ಷಾರ ಬೆಸುಗೆಯನ್ನೇ ತಿನ್ನುತ್ತದೆ.

ನಳಿಗೆ ಸಿಡಿಯುವುದಕ್ಕೆ ಮುಖ್ಯ ಕಾರಣ ಒಳಗಿನ ಅಡಚಣೆ. ಮಲೆನಾಡಿನಲ್ಲಿ ಅದನ್ನು ತಂದಿಡಲು ಮನುಷ್ಯರೇ ಬೇಕಿಲ್ಲ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಕೋವಿಯ ಬಾಯಿಗಿಂತ ಒಳ್ಳೆಯ ಜಾಗವಿಲ್ಲ. ಕೆಸರಿನಲ್ಲಿ ಜಾರಿ ಬಿದ್ದಾಗ ಮೆತ್ತಿದ ಮಣ್ಣು, ಒರೆಸಲು ತುರುಕಿ ಮರೆತ ಬಟ್ಟೆ ಕೂಡ ಸಾಕು. ಇನ್ನೊಂದು ಅಪಾಯ ಮನೆಯಲ್ಲಿ ಎರಡು ಬೋರಿನ ಕೋವಿ ಇದ್ದಾಗಿನದು. 20 ಬೋರಿನ ತೋಟಾವನ್ನು 12ರ ನಳಿಗೆಗೆ ಹಾಕಿದರೆ ಅದು ಒಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಬುಡ ಖಾಲಿ ಕಾಣುತ್ತದೆ. ಹಿಂದೆ 12ರದು ಹಾಕಿ ಹೊಡೆದರೆ ಹಿಡಿದ ಕೈ ಉಳಿಯುವುದು ಕಷ್ಟ. 20ರ ತೋಟಾವನ್ನು ಹಳದಿ ಬಣ್ಣದಲ್ಲಿ ತಯಾರಿಸುವ ರೂಢಿ ಬಂದದ್ದೇ ಇದಕ್ಕಾಗಿ.

ರೈಫಲ್ ಇಟ್ಟವರು ಈ ಭಾಗದಲ್ಲಿ ಕಡಿಮೆ. ಇದ್ದರೂ ಇಛಾಪುರದ ಸರ್ಕಾರಿ ಕಾರ್ಖಾನೆಯ .315. ಅದರ ನಳಿಗೆಯೊಳಗೆ ತಿರುಪಿನ ಗೆರೆಗಳಿರುವುದರಿಂದ ಗಜವನ್ನು ಬಾಯಿಂದ ತೂರಿಸದೆ ಬೋಲ್ಟ್ ತೆಗೆದು ಹಿಂದಿನಿಂದ ಹಾಕಬೇಕು. ಬಾಯಂಚು ಒಂದಿಷ್ಟು ಸವೆದರೂ ಗುಂಡು ದಿಕ್ಕು ತಪ್ಪುತ್ತದೆ. ಗುರಿ ಕೆಟ್ಟಿತೆಂದು ನಳಿಗೆಯನ್ನು ಬೈಯುವ ಮುನ್ನ ಮರಕ್ಕೂ ನಳಿಗೆಗೂ ಇರುವ ಸ್ಕ್ರೂ ಸಡಿಲವಾಗಿದೆಯೇ ನೋಡಿ. ಎಷ್ಟೋ ಸಲ ಕಾಯಿಲೆ ಅಲ್ಲೇ ಇರುತ್ತದೆ.

ಪಕ್ಕದ ಕೊಡಗಿನವರಿಗೆ ಆಯುಧಗಳಿಗೆಂದೇ ಒಂದು ಹಬ್ಬವಿದೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ನಲ್ಲಿ ಕೋವಿ ಒರೆಸಿ, ಬಾಯಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುತ್ತಾರೆ. ನಮ್ಮಲ್ಲಿ ಆಯುಧಪೂಜೆ. ಪೂಜೆ ಚೆನ್ನವೇ, ಆದರೆ ಒದ್ದೆ ಹೂವು, ಕುಂಕುಮ, ಅರಿಶಿನವನ್ನು ಮಾರನೆಯ ದಿನವಾದರೂ ಒರೆಸಬೇಕಲ್ಲ! ಚರ್ಮದ ಚೀಲದಲ್ಲಿ ಕೋವಿ ಇಡುವುದೂ ಅಷ್ಟೇ ಕೆಟ್ಟದ್ದು, ಚರ್ಮ ತೇವ ಕುಡಿದು ಕೂತಿರುತ್ತದೆ. ಎಣ್ಣೆ ಹಚ್ಚಿದ ಕೋವಿಯನ್ನು ಬೀಗವಿರುವ ಕಪಾಟಿನಲ್ಲಿ ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಮರಕ್ಕಿಳಿದು ಅದನ್ನು ಮೆತ್ತಗೆ ಮಾಡುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ: ತೊಳೆ, ಒರೆಸು, ನೋಡು. ಉಬ್ಬು, ಬಿರುಕು, ಆಳದ ಗುಳಿ ಕಂಡರೆ ಈಡು ನಿಲ್ಲಿಸಬೇಕು. ನಗ್ಗು ಎತ್ತುವುದು, ಬೆಸುಗೆ ಹಾಕುವುದು ಊರ ಗ್ಯಾರೇಜಿನ ಕೆಲಸವಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ವೃತ್ತಿಯಾಗಿ ಕೋವಿ ರಿಪೇರಿ ಮಾಡಲು ಪ್ರತ್ಯೇಕ ಲೈಸೆನ್ಸ್ ಬೇಕು.

ಇನ್ನು ಚುನಾವಣೆಯ ಮಾತು. ಆಗ ಲೈಸೆನ್ಸಿನ ಕೋವಿಗಳನ್ನು ಠೇವಣಿಯಿಡಲು ಆದೇಶ ಬರುತ್ತದೆ. 2024ರಲ್ಲಿ ನೀತಿಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಗಿ ಜೂನ್ ಮೊದಲ ವಾರದವರೆಗೆ ಇತ್ತು. ಠೇವಣಿಯಿಟ್ಟ ಕೋವಿ ವಾಪಸು ಬರುವ ಹೊತ್ತಿಗೆ ಮುಂಗಾರು ಬಾಗಿಲಲ್ಲಿ. ಬೆಳೆ ರಕ್ಷಣೆಗೆ ಕೋವಿ ಬೇಕೇಬೇಕೆನ್ನುವವರು ಜಿಲ್ಲಾ ಪರಿಶೀಲನಾ ಸಮಿತಿಗೆ ವಿನಾಯಿತಿ ಕೋರಿ ಅರ್ಜಿ ಕೊಡಬಹುದು. ಒಪ್ಪಿಸಲೇಬೇಕಾದವರು ಒಪ್ಪಿಸುವ ಮುನ್ನ ನಳಿಗೆಯ ಒಳಗೂ ಹೊರಗೂ ಎಣ್ಣೆ ಹಚ್ಚಿ, ಅದರ ಸ್ಥಿತಿಯನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ವಾಪಸು ಬಂದ ದಿನವೇ ಕಳಚಿ ಬೆಳಕಿಗೆ ಹಿಡಿದು ನೋಡಿ. ನೋಡದೆ ತೋಟಾ ತುಂಬಬೇಡಿ.